ಇಲಿಯ ಲೆಕ್ಕ, ಅತ್ತೆಯ ಲೋಟ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಎಲ್ಲಾದರೂ ನನ್ನ ಅತ್ತೆಯವರು ಜಗಳಗಂಟಿ ಅನ್ನಿಸಿದರೆ, ಆ ಜಗಳದಲ್ಲಿ ಅರ್ಧ ಪಾಲು ನನ್ನದು ಎಂದು ಓದುವವರು ತಿಳಿಯಬೇಕು. ಚಂದ್ರಾ ಲೇಔಟಿನ ಈ ಮನೆಗೆ ನಾನು ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಮನೆಯಲ್ಲಿ ನಾವು ಮೂರೇ ಜನ, ಅತ್ತೆ, ನನ್ನ ಗಂಡ ಮತ್ತು ನಾನು. ಗಂಡ ಹೇರೋಹಳ್ಳಿಯಲ್ಲಿ ನಲ್ಲಿ, ಪೈಪು, ಸಿಂಕು ಮಾರುವ ಅಂಗಡಿ ಇಟ್ಟಿದ್ದಾರೆ. ಅಲ್ಲಿ ದಿನಕ್ಕೊಂದು ಹೊಸ ಮನೆ ಏಳುತ್ತಿರುವುದರಿಂದ ಅವರು ನಮ್ಮ ಮನೆಯಲ್ಲಿ ಇರುವುದು ಕಡಿಮೆ. ಹಾಗಾಗಿ ಇಲ್ಲಿನ ಮಾತು, ಮೌನ, ಪಾತ್ರೆ ಕುಕ್ಕುವುದು ಎಲ್ಲ ಅತ್ತೆ ಮತ್ತು ನನ್ನ ನಡುವೆಯೇ ನಡೆಯುತ್ತಿತ್ತು.

ನಾನು ಕೆಲಸ ಮಾಡುವುದು ರಾಜಾಜಿನಗರದ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ. ಕಾಲೇಜಿನಲ್ಲಿ ಕೆಲಸ ಎಂದರೆ ನೆಂಟರು ನಾನು ಪಾಠ ಮಾಡುತ್ತೇನೆ ಎಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ನಿಜವಾಗಿ ನಾನು ನೋಡಿಕೊಳ್ಳುವುದು ಅಲ್ಲಿನ ಅನಿಮಲ್ ಹೌಸನ್ನು, ಅಂದರೆ ಪ್ರಯೋಗಕ್ಕೆಂದು ಸಾಕಿದ ಬಿಳಿ ಇಲಿಗಳ ಕೋಣೆಯನ್ನು. ಪಂಜರ ತೊಳೆಯುವುದು, ಕೆಳಗೆ ಹಾಸಿದ ಹೊಟ್ಟು ಬದಲಿಸುವುದು, ಒಂದೊಂದನ್ನೇ ತೂಕ ಮಾಡಿ ಬರೆದಿಡುವುದು, ಹುಡುಗ ಹುಡುಗಿಯರು ಔಷಧಿ ಕೊಡುವಾಗ ಇಲಿಯನ್ನು ಕತ್ತಿನ ಹಿಂದೆ ಹಿಡಿದುಕೊಳ್ಳುವುದು ನನ್ನ ಕೆಲಸ. ನನ್ನ ಓದು ಪಿಯುಸಿಗೆ ನಿಂತಿತು. ಆದರೆ ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ನಿಂತು ನೋಡಿದ್ದೇನೆ, ಎಷ್ಟೋ ಎಂ.ಫಾರ್ಮ್ ಮಕ್ಕಳಿಗೆ ಇಲಿ ಹಿಡಿಯುವುದನ್ನು ನಾನೇ ಕಲಿಸಿದ್ದೇನೆ. ಅಲ್ಪ ವಿದ್ಯೆ ಮಹಾ ಗರ್ವಿ ಎನ್ನುತ್ತಾರಲ್ಲ, ಆ ಗರ್ವ ನನಗಿತ್ತು.

ಅತ್ತೆಗೆ ಈ ಕೆಲಸ ಕಂಡರೆ ಆಗುತ್ತಿರಲಿಲ್ಲ. ಅವರು ಚಿತ್ರದುರ್ಗದ ಕಡೆಯವರು, ದಿನಾ ಲಿಂಗಪೂಜೆ ಮಾಡದೆ ಹನಿ ನೀರು ಮುಟ್ಟದವರು. ಬೆಂಗಳೂರಿಗೆ ಬಂದು ಮೂವತ್ತು ವರ್ಷ ದಾಟಿದರೂ ಅವರ ಬಾಯಿಂದ 'ಐತೆ', 'ಬ್ಯಾಡ' ಹೋಗಿಲ್ಲ. "ಜೀವ ತೆಗೆಯೋ ಮನೇಲಿ ದುಡಿದು ಬರ್ತಾಳೆ, ಶಿವ ಮೆಚ್ತಾನಾ?" ಎಂದು ನನಗೆ ಕೇಳುವ ಹಾಗೆಯೇ ಗೋಡೆಗೆ ಹೇಳುತ್ತಿದ್ದರು. ಸಂಜೆ ನಾನು ಗೇಟು ತೆಗೆದು ಬಂದರೆ ಮನೆಯ ಪಕ್ಕದ ಸಂದಿಯಲ್ಲಿ, ಬಚ್ಚಲಿನ ಹೊರಬಾಗಿಲ ಹತ್ತಿರ ಒಂದು ಬಕೆಟ್ ನೀರು ಇಟ್ಟಿರುತ್ತಿದ್ದರು. ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ಆ ಬಕೆಟ್ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ನನ್ನನ್ನು ಹೊರಗಿನವಳ ಹಾಗೆ ನಿಲ್ಲಿಸುತ್ತಾರಲ್ಲ ಎಂದು. ಆ ನೀರು ಯಾವಾಗಲೂ ಬಿಸಿಯಾಗಿ ಇರುತ್ತಿತ್ತು ಎನ್ನುವುದನ್ನು ನಾನು ಲೆಕ್ಕಕ್ಕೇ ತಂದುಕೊಂಡಿರಲಿಲ್ಲ.

ಅವರ ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಬೇಕು. ನಮ್ಮಲ್ಲಿ ಹಳಬರು ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಉಂಡದ್ದು ಪ್ರಸಾದ, ಅದರ ಒಂದು ಅಗುಳೂ ಚೆಲ್ಲಬಾರದು ಎಂಬ ನಂಬಿಕೆ. ಅತ್ತೆ ತಟ್ಟೆಗಷ್ಟೇ ಅಲ್ಲ, ಮಜ್ಜಿಗೆ ಕುಡಿದ ಲೋಟಕ್ಕೂ ಹಾಗೆಯೇ ಮಾಡುತ್ತಿದ್ದರು. ಕೊನೆಯ ಗುಟುಕಾದ ಮೇಲೆ ಒಂದಿಷ್ಟು ನೀರು ಹಾಕಿ, ಲೋಟವನ್ನು ಎರಡು ಸಲ ತಿರುಗಿಸಿ, ಗಟಗಟ ಕುಡಿದು ಮುಗಿಸುವರು. ಮದುವೆಯಾದ ಹೊಸದರಲ್ಲಿ ನಾನು ನಕ್ಕುಬಿಟ್ಟಿದ್ದೆ. "ಅತ್ತೆ ಊಟ ಮಾಡಿದ್ರೆ ಪಾತ್ರೆ ತೊಳೆಯೋ ಕೆಲಸಾನೇ ಇಲ್ಲ" ಎಂದಿದ್ದೆ. ಆಮೇಲೆ ಒಂದು ವಾರ ಅವರು ನನ್ನ ಜೊತೆ ಮಾತಾಡಿರಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಅತ್ತೆಗೆ ಕೆಮ್ಮು ಹಿಡಿಯಿತು. ಮೊದಲು ಶುಂಠಿ, ಮೆಣಸು ಎಲ್ಲ ಆಯಿತು. ತಿಂಗಳಾದರೂ ಬಿಡಲಿಲ್ಲ, ಸಂಜೆಯಾದರೆ ಸಣ್ಣ ಜ್ವರ, ಸೀರೆ ಸೊಂಟದಲ್ಲಿ ನಿಲ್ಲದಷ್ಟು ಸಣ್ಣಗಾದರು. ಎಕ್ಸ್‌ರೇ, ಕಫದ ಪರೀಕ್ಷೆ ಎಲ್ಲ ಮಾಡಿಸಿದಾಗ ಟಿಬಿ ಎಂದರು. ಎಪ್ಪತ್ತೆರಡು ವರ್ಷದ ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ, ಒಂದೇ ಮಾತು ಹೇಳಿದರು. "ಯಾರಿಗೂ ಗೊತ್ತಾಗಬಾರದು." ಸರ್ಕಾರದ ಆರೋಗ್ಯ ಕೇಂದ್ರದಿಂದ ಮಾತ್ರೆ ಪುಕ್ಕಟೆ ಸಿಗುತ್ತಿತ್ತು. ಆರು ತಿಂಗಳು, ಒಂದು ದಿನವೂ ತಪ್ಪದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಮಾತ್ರೆ ಕೊಟ್ಟ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ, ಅದು ಮಾತ್ರೆ ಬಣ್ಣ. ಆದ್ರೆ ವಯಸ್ಸಾಗಿದೆ, ಕೆಲವರಿಗೆ ಈ ಮಾತ್ರೆ ಲಿವರ್‌ಗೆ ಹೊಡೆಯುತ್ತೆ. ವಾಂತಿ, ಊಟ ಸೇರದೇ ಇರೋದು, ಕಣ್ಣು ಹಳದಿ, ಏನು ಕಂಡ್ರೂ ತಕ್ಷಣ ಬನ್ನಿ. ಕೇಳದೆ ಬೇರೆ ಔಷಧಿ ಏನೂ ಕೊಡಬೇಡಿ."

ನನಗೆ ಕೇಳಿಸಿದ್ದು ಒಂದೇ ಮಾತು, ಲಿವರ್. ಏಕೆಂದರೆ ಅದೇ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ಒಬ್ಬ ಹುಡುಗಿಯ ಪ್ರಾಜೆಕ್ಟ್ ನಡೆಯುತ್ತಿತ್ತು. ಕೆಂಗೇರಿ ಉಪನಗರದಿಂದ ಮೆಟ್ರೋದಲ್ಲಿ ಬರುವ ಹುಡುಗಿ, ಇಲಿ ಕಂಡರೆ ಹೆದರಿ ನಡುಗುವವಳು. ಅವಳ ಪರವಾಗಿ ಇಲಿ ಹಿಡಿದದ್ದೆಲ್ಲ ನಾನೇ. ಕೆಲವು ಇಲಿಗಳಿಗೆ ಟಿಬಿ ಮಾತ್ರೆಯ ಔಷಧಿಯನ್ನಷ್ಟೇ ಕೊಟ್ಟಳು. ಇನ್ನು ಕೆಲವಕ್ಕೆ ಅದಕ್ಕಿಂತ ಒಂದು ಗಂಟೆ ಮುಂಚೆ ಗ್ರೀನ್ ಟೀ ಎಲೆಯ ಸಾರ ಕೊಟ್ಟು, ಆಮೇಲೆ ಔಷಧಿ ಕೊಟ್ಟಳು. ಕೊನೆಗೆ ಲಿವರ್ ತೆಗೆದು ಟ್ರೇಯಲ್ಲಿ ಸಾಲಾಗಿ ಇಟ್ಟಾಗ ನಾನು ಪಕ್ಕದಲ್ಲೇ ಇದ್ದೆ. ಬರೀ ಔಷಧಿ ತಿಂದವುಗಳ ಲಿವರ್ ಬಿಳಿಚಿಕೊಂಡು ಚುಕ್ಕೆ ಬಿದ್ದಿತ್ತು. ಚಹಾದ ಸಾರ ಕುಡಿದವುಗಳದ್ದು ಹೆಚ್ಚುಕಡಿಮೆ ಆರೋಗ್ಯದ ಇಲಿಯ ಹಾಗೇ ಕೆಂಪಗೆ, ನುಣ್ಣಗೆ ಇತ್ತು. "ನೋಡಿ ಆಂಟಿ, ಎಷ್ಟು ಚೆನ್ನಾಗಿ ಕಾಪಾಡಿದೆ" ಎಂದು ಆ ಹುಡುಗಿ ಫೋಟೋ ತೆಗೆದುಕೊಂಡಳು. ನನ್ನ ಕಣ್ಣ ಮುಂದೆ ಬಂದದ್ದು ಅತ್ತೆಯ ಹೊಟ್ಟೆ.

ಇಲ್ಲೊಂದು ಸತ್ಯ ಹೇಳಬೇಕು. ಅತ್ತೆಯ ಮೇಲೆ ನನಗೆ ಆಗ ಇದ್ದದ್ದು ಪ್ರೀತಿಯೋ ಭಯವೋ ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಬೈಯುವವರು ಇಲ್ಲದೆ ಹೋದರೆ ಹೇಗಿರುತ್ತದೆ ಎಂದು ಆ ಚಳಿಗಾಲದಲ್ಲಿ ಮೊದಲ ಸಲ ಯೋಚಿಸಿದ್ದೆ. ಜೊತೆಗೆ ಇಪ್ಪತ್ತೆರಡು ವರ್ಷ ಅವರು ಹೀಗಳೆದ ಕೆಲಸವೇ ಅವರನ್ನು ಉಳಿಸಬೇಕು ಎಂಬ ಹಟವೂ ಇತ್ತು. ಡಾಕ್ಟರ್ ಬೇರೆ ಔಷಧಿ ಬೇಡ ಎಂದಿದ್ದರು ನಿಜ. ಚಹಾ ಯಾವಾಗ ಔಷಧಿಯಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವಿಜಯನಗರದ ಮಾರುಕಟ್ಟೆಯ ಹತ್ತಿರ ಬಿಡಿ ಚಹಾ ಮಾರುವ ಅಂಗಡಿಯಿಂದ ಗ್ರೀನ್ ಟೀ ಎಲೆ ತಂದೆ. ಒಂದು ಭಾನುವಾರ ಗಂಡ ಅಂಗಡಿಗೆ ಹೋದ ಮೇಲೆ ಕೆಲಸ ಶುರುಮಾಡಿದೆ. ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಲ್ಯಾಬಿನಲ್ಲಿ ಸಾರವನ್ನು ಒಣಗಿಸಲು ಕುದಿಯುವ ನೀರಿನ ಮೇಲೆ ಬಟ್ಟಲು ಇಡುತ್ತೇವೆ, ಮನೆಯಲ್ಲಿ ಆ ಕೆಲಸಕ್ಕೆ ಇಡ್ಲಿ ಪಾತ್ರೆ ಆಯಿತು. ಅದರ ಮೇಲೆ ಅಗಲವಾದ ಸ್ಟೀಲ್ ತಟ್ಟೆ ಇಟ್ಟು, ಸೋಸಿದ್ದನ್ನು ಸ್ವಲ್ಪ ಸ್ವಲ್ಪವೇ ಸುರಿದು, ಮಧ್ಯಾಹ್ನದವರೆಗೆ ಕಾದೆ. ಕೊನೆಗೆ ಕಪ್ಪು ಬೆಲ್ಲದ ಪಾಕದಂಥದ್ದು ತಟ್ಟೆಗೆ ಅಂಟಿ ಒಣಗಿತು, ಅದನ್ನು ದೋಸೆ ಮಗುಚುವ ಕೈಯಿಂದ ಕೆರೆದು ಪುಡಿ ಮಾಡಿದೆ. ಅಡುಗೆಮನೆಯೆಲ್ಲ ಒಗರು ವಾಸನೆ. ಅತ್ತೆ ಬಾಗಿಲಲ್ಲಿ ನಿಂತು, "ಏನೇ ಅದು, ಬಟ್ಟೆಗೆ ಬಣ್ಣ ಹಾಕ್ತೀಯಾ?" ಎಂದರು. "ನಿಮಗೇ, ಸುಮ್ನಿರಿ" ಎಂದೆ.

ಇನ್ನು ಎಷ್ಟು ಕೊಡಬೇಕು ಎನ್ನುವ ಲೆಕ್ಕ. ಇದರಲ್ಲೇ ನಾನು ಕೆಟ್ಟದ್ದು. ಇಲಿಗೆ ಔಷಧಿ ಕೊಡುವುದು ತೂಕದ ಮೇಲೆ, ಒಂದು ಕಿಲೋ ತೂಕಕ್ಕೆ ಇಷ್ಟು ಎಂದು. ಆ ಹುಡುಗಿಯ ಪುಸ್ತಕದಲ್ಲಿ ಕಡಿಮೆ ಪ್ರಮಾಣ, ಹೆಚ್ಚು ಪ್ರಮಾಣ ಎಂದು ಎರಡು ಇದ್ದವು. ನಾನು ಜಾಣೆ, ವಯಸ್ಸಾದವರಲ್ಲವೇ ಎಂದು ಕಡಿಮೆಯದನ್ನೇ ತೆಗೆದುಕೊಂಡೆ. ಅತ್ತೆಯ ತೂಕ ನಲವತ್ತೆಂಟು ಕಿಲೋ, ನಲವತ್ತೆಂಟರಿಂದ ಗುಣಿಸಿದೆ. ಪುಡಿಯನ್ನು ಕಾಲೇಜಿಗೆ ಒಯ್ದು, ಲ್ಯಾಬಿನ ತಕ್ಕಡಿಯಲ್ಲಿ ತೂಗಿ, ಹಳೇ ಕಾಲದ ಕಾಂಪೌಂಡರನ ಹಾಗೆ ಒಂದೊಂದು ದಿನಕ್ಕೆ ಒಂದೊಂದು ಪೊಟ್ಟಣ ಕಟ್ಟಿದೆ. ಪೊಟ್ಟಣ ಸ್ವಲ್ಪ ದಪ್ಪವೇ ಅನ್ನಿಸಿತು. ಈ ಪುಡಿ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ, ಅರ್ಧದಷ್ಟು ಲೋಟದ ತಳದಲ್ಲೇ ಉಳಿದುಬಿಡುತ್ತದೆ, ಪರವಾಗಿಲ್ಲ ಎಂದುಕೊಂಡೆ. ಲೋಟ ಯಾರದ್ದು ಎಂದು ಆಗ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಅವರ ಪೂಜೆ ಮುಗಿದ ಮೇಲೆ, ಮಾತ್ರೆಗೆ ಸರಿಯಾಗಿ ಒಂದು ಗಂಟೆ ಮುಂಚೆ, ಬೆಚ್ಚಗಿನ ನೀರಿನಲ್ಲಿ ಕದಡಿ ಅತ್ತೆಯ ಮುಂದೆ ಹಿಡಿದೆ.

"ಏನಿದು?"

"ಚಹಾದ ಸಾರ. ಮಾತ್ರೆಯಿಂದ ಲಿವರ್‌ಗೆ ತೊಂದರೆ ಆಗದೇ ಇರ್ಲಿ ಅಂತ. ಕಾಲೇಜಲ್ಲಿ ನೋಡಿದೀನಿ."

"ಇಲಿಗೆ ಕುಡಿಸಿದ್ದನ್ನ ನಂಗೂ ಕುಡಿಸ್ತೀಯೇನೇ?"

"ಇಲಿಗಳು ನಿಮ್ಮಷ್ಟು ತಕರಾರು ಮಾಡಲ್ಲ, ಕುಡೀರಿ."

ಅವರು ನನ್ನನ್ನೊಮ್ಮೆ ದಿಟ್ಟಿಸಿ ನೋಡಿ ಕುಡಿದರು. ಮುಖ ಕಿವುಚಿದರು. ಆಮೇಲೆ ಚೊಂಬಿನಿಂದ ನೀರು ಬಗ್ಗಿಸಿ, ಲೋಟವನ್ನು ಎರಡು ಸಲ ತಿರುಗಿಸಿ, ತಳದಲ್ಲಿ ಕೂತಿದ್ದನ್ನೂ ಕುಡಿದು ಲೋಟ ಕೆಳಗಿಟ್ಟರು. ನಾನು ನೋಡುತ್ತಲೇ ಇದ್ದೆ. ದಿನಾ ನೋಡುವ ಅಭ್ಯಾಸ, ಕಣ್ಣಿಗೆ ಕಂಡರೂ ತಲೆಗೆ ಹೋಗಲಿಲ್ಲ.

ಹೀಗೆ ಮೂರು ವಾರ ನಡೆಯಿತು. ಕೆಮ್ಮು ಕಡಿಮೆಯಾಗುತ್ತಾ ಬಂತು, ಜ್ವರ ನಿಂತಿತು. ನನಗೆ ಒಳಗೊಳಗೇ ಹೆಮ್ಮೆ. ಮೂರನೇ ವಾರ ಅತ್ತೆ ಊಟದಲ್ಲಿ ಮುದ್ದೆ ಅರ್ಧ ಸಾಕು ಎಂದರು. "ಬಾಯಿ ರುಚಿ ಇಲ್ಲ" ಎಂದರು. ಟಿಬಿ ಮಾತ್ರೆ ತಿನ್ನುವವರಿಗೆ ಅದು ಇದ್ದದ್ದೇ ಎಂದು ನಾನು ಹೇಳಿದೆ. ಒಂದು ದಿನ, "ಮೂತ್ರ ಭಾಳ ಕಂದು ಹೋಗ್ತೈತೆ ಕಣೇ" ಎಂದಾಗಲೂ, ಅದು ಮಾತ್ರೆ ಬಣ್ಣ, ಡಾಕ್ಟರೇ ಹೇಳಿದ್ದಾರೆ ಎಂದೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿತ್ತು.

ಒಂದು ಸಂಜೆ ಗೇಟು ತೆಗೆದು ಬಂದೆ, ಸಂದಿಯಲ್ಲಿ ಬಕೆಟ್ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ಊರಿಗೆ ಹೋದ ದಿನ ಬಿಟ್ಟರೆ ಹಾಗಾಗಿದ್ದೇ ಇಲ್ಲ. ಸ್ನಾನವನ್ನೂ ಮಾಡದೆ, ಕಾಲೇಜಿನ ಬಟ್ಟೆಯಲ್ಲೇ ಒಳಗೆ ಓಡಿದೆ. ಅತ್ತೆ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಪಕ್ಕದಲ್ಲಿ ಬೇಸಿನ್, ಅದರಲ್ಲಿ ವಾಂತಿ. ಕಿಟಕಿಯ ಪರದೆ ಸರಿಸಿ ಅವರ ಮುಖ ನನ್ನ ಕಡೆ ತಿರುಗಿಸಿದೆ. ಕಣ್ಣಿನ ಬಿಳಿ ಅರಿಶಿನವಾಗಿತ್ತು. ಸ್ನಾನ ಮಾಡದೆ ಬಂದೆ ಎಂದು ಅವರು ಬೈಯಲಿಲ್ಲ, ಅದಕ್ಕೇ ನನಗೆ ಇನ್ನೂ ಭಯವಾಯಿತು.

ಗಂಡನಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ನಾನು ಉಳಿದಿದ್ದ ಪೊಟ್ಟಣಗಳನ್ನು ಡಬ್ಬಿ ಸಮೇತ ಕಪಾಟಿನ ಹಿಂದಕ್ಕೆ ತಳ್ಳಿದ್ದೆ. ಯಾಕೆ ತಳ್ಳಿದೆ ಎಂದು ಕೇಳಿದರೆ, ಹೆದರಿ. ಅತ್ತೆ ಸತ್ತರೆ ನೆಂಟರೆಲ್ಲ ಏನೆನ್ನುತ್ತಾರೆ? ಸೊಸೆ ಏನೋ ಕಪ್ಪು ಪುಡಿ ಕುಡಿಸಿ ಕೊಂದಳು ಎನ್ನುವುದಿಲ್ಲವೇ? ಅದರಲ್ಲಿ ಒಂದು ಅಕ್ಷರವೂ ಸುಳ್ಳಿರುವುದಿಲ್ಲವಲ್ಲ. ಆಟೋದಲ್ಲಿ ಅತ್ತೆಯ ತಲೆ ನನ್ನ ಭುಜದ ಮೇಲಿತ್ತು, ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ನಾನು ಶಿವಶಿವಾ ಎಂದಷ್ಟೇ ಅಂದುಕೊಳ್ಳುತ್ತಾ ಹೋದೆ.

ದೊಡ್ಡ ಆಸ್ಪತ್ರೆಯಲ್ಲಿ ನೋಡಿದವರು ನನಗೆ ಮಗಳಾಗುವಷ್ಟು ವಯಸ್ಸಿನ ಡಾಕ್ಟರು. ಗಂಡ ಹೊರಗೆ ಚೀಟಿ ಮಾಡಿಸಲು ಹೋಗಿದ್ದರು, ಒಳಗೆ ಅತ್ತೆ ಮತ್ತು ನಾನು ಇಬ್ಬರೇ. ಡಾಕ್ಟರ್ ಹೊಟ್ಟೆ ಒತ್ತಿ ನೋಡಿ, ಟಿಬಿ ಮಾತ್ರೆಯ ಪಟ್ಟಿ ನೋಡಿ, ಕೇಳಿದರು.

"ಅಜ್ಜಿ, ಈ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಂಡ್ರಾ? ನಾಟಿ ಔಷಧಿ, ಕಷಾಯ, ಪುಡಿ, ಏನಾದ್ರೂ?"

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಇಲ್ಲ ಡಾಕ್ಟ್ರಮ್ಮ. ಏನೂ ಇಲ್ಲ."

"ಖಂಡಿತ?"

"ನನ್ನ ಸೊಸೆ ಓದಿದೋಳು. ಅವಳು ಅಂಥದ್ದೆಲ್ಲ ಕೊಡಲ್ಲ."

ಡಾಕ್ಟರ್ ಅದನ್ನು ಹಾಗೇ ಬರೆದುಕೊಂಡರು. ಅತ್ತೆಯನ್ನು ವಾರ್ಡಿಗೆ ತಳ್ಳುಕುರ್ಚಿಯಲ್ಲಿ ಕರೆದೊಯ್ದರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅವರು ನನ್ನನ್ನು ಕಾಪಾಡಲು ಸುಳ್ಳು ಹೇಳಿದ್ದರು. ಸುಮ್ಮನಿದ್ದರೆ ನಾನು ಉಳಿದೆ, ಅಷ್ಟು ಸುಲಭ.

ಆದರೆ ಇಪ್ಪತ್ತೆರಡು ವರ್ಷ ರಿಜಿಸ್ಟರ್ ಬರೆದ ಕೈ ನನ್ನದು. ಯಾವ ಪಂಜರದ ಇಲಿಗೆ ಏನು ಕೊಟ್ಟಿದೆ ಎನ್ನುವುದನ್ನು ಒಂದು ದಿನ ಬರೆಯದೆ ಬಿಟ್ಟರೂ ಪ್ರಯೋಗವೆಲ್ಲ ಹಾಳು ಎಂದು ಮಕ್ಕಳಿಗೆ ಬೈದು ಕಲಿಸಿದವಳು ನಾನು. ಇಲ್ಲಿ ಡಾಕ್ಟರ್ ಎಲ್ಲ ತಪ್ಪನ್ನೂ ಟಿಬಿ ಮಾತ್ರೆಯ ತಲೆಗೆ ಕಟ್ಟುತ್ತಾರೆ. ಒಳ್ಳೆಯ ಮಾತ್ರೆಗಳನ್ನೇ ಬಿಡಿಸುತ್ತಾರೆ, ಆಗ ಟಿಬಿ ಮತ್ತೆ ಬರುತ್ತದೆ. ಲಿವರ್ ಉಳಿದರೂ ಅತ್ತೆ ಉಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು, ಆ ಸುಳ್ಳು ಹೇಳಿದ ಅತ್ತೆಗೆ ಗೊತ್ತಿರಲಿಲ್ಲ.

ಎದ್ದು ವಾರ್ಡಿಗೆ ಹೋದೆ. ಡಾಕ್ಟರ್ ಅತ್ತೆಯ ಮಂಚದ ಪಕ್ಕದಲ್ಲೇ ನಿಂತಿದ್ದರು. "ಡಾಕ್ಟ್ರೇ, ನಾನು ಕೊಟ್ಟಿದೀನಿ" ಎಂದೆ. ಗ್ರೀನ್ ಟೀ, ಇಡ್ಲಿ ಪಾತ್ರೆ, ಪೊಟ್ಟಣ, ಮೂರು ವಾರ, ಖಾಲಿ ಹೊಟ್ಟೆ, ಎಲ್ಲ ಹೇಳಿದೆ. ನಡುನಡುವೆ ಅತ್ತೆ, "ಹೇಳ್ಬ್ಯಾಡ ಸುಮ್ನಿರೇ" ಎಂದು ನನ್ನ ಸೆರಗು ಎಳೆಯುತ್ತಿದ್ದರು. ಪ್ರಮಾಣ ಎಷ್ಟು ಎಂದು ಡಾಕ್ಟರ್ ಕೇಳಿದಾಗ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಇಷ್ಟಾ? ದಿನಾ?"

"ಹೌದು. ತಳದಲ್ಲಿ ಅರ್ಧ ಉಳಿಯುತ್ತೆ ಅಂದ್ಕೊಂಡಿದ್ದೆ. ಆದ್ರೆ ಇವರು ಲೋಟ ತೊಳ್ಕೊಂಡು ಕುಡೀತಾರೆ."

ಆ ಮಾತು ನನ್ನ ಬಾಯಿಂದ ಹೊರಗೆ ಬಂದಾಗಲೇ ಅದು ನನ್ನ ತಲೆಗೆ ಹೋದದ್ದು. ಅಲ್ಲೇ, ಎಲ್ಲರ ಮುಂದೆ ಅತ್ತುಬಿಟ್ಟೆ.

ಡಾಕ್ಟರ್ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ನೋಡಿ ಅಮ್ಮ, ಚಹಾ ಕುಡಿದ್ರೆ ಏನೂ ಆಗಲ್ಲ. ಅದನ್ನ ಸಾರ ತೆಗೆದು ಗಟ್ಟಿ ಮಾಡಿ, ಖಾಲಿ ಹೊಟ್ಟೇಲಿ ಇಷ್ಟೊಂದು ಕೊಟ್ರೆ, ಅದೇ ಲಿವರ್‌ಗೆ ತೊಂದ್ರೆ ಮಾಡಬಹುದು. ಮಾತ್ರೆನೂ ಮಾಡಬಹುದು. ಎರಡೂ ಸೇರಿ ಮಾಡಿರಬಹುದು. ಯಾವುದು ಅಂತ ಈಗ ಹೇಳಕ್ಕಾಗಲ್ಲ. ಎರಡನ್ನೂ ನಿಲ್ಲಿಸ್ತೀವಿ. ಲಿವರ್ ಸುಧಾರಿಸಿದ ಮೇಲೆ ಮಾತ್ರೆಗಳನ್ನ ಒಂದೊಂದಾಗಿ ಶುರುಮಾಡಿ ನೋಡ್ತೀವಿ. ನೀವು ಹೇಳಿದ್ದು ಒಳ್ಳೇದಾಯ್ತು." ಹೀಗೆ ಹೇಳಿ, ಮೊದಲು 'ಏನೂ ಇಲ್ಲ' ಎಂದು ಬರೆದಿದ್ದನ್ನು ಹೊಡೆದುಹಾಕಿ, ಹೊಸದಾಗಿ ಬರೆದರು.

ಗಂಡನಿಗೂ ಅಂದೇ ಹೇಳಿದೆ. ಅವರು ಕೂಗಾಡುವ ಪೈಕಿ ಅಲ್ಲ, ಮಾತು ಬಿಟ್ಟರು. ಕೂಗಾಡಿದ್ದರೇ ವಾಸಿಯಾಗಿತ್ತು. ನಾಲ್ಕು ದಿನ ನನ್ನ ಕೈಯಿಂದ ಊಟದ ಡಬ್ಬಿ ಇಸಿದುಕೊಂಡು, ಮುಖ ನೋಡದೆ ಹೋಗುತ್ತಿದ್ದರು. ಮಾಡಿದ್ದುಣ್ಣೋ ಮಹರಾಯ ಎಂದು ನಾನೂ ತೆಪ್ಪಗಿದ್ದೆ.

ಕಾಲೇಜಿಗೆ ರಜೆ ಬರೆದುಕೊಡಲು ಹೋದಾಗ ಆ ಹುಡುಗಿ ಸಿಕ್ಕಳು. ನಡೆದದ್ದನ್ನು ಅವಳಿಗೂ ಹೇಳಿದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಆಂಟಿ, ಇಲಿ ಡೋಸನ್ನ ಹಾಗೇ ಮನುಷ್ಯರಿಗೆ ಗುಣಿಸೋ ಹಾಗಿಲ್ಲ. ಇಲಿ ಚಿಕ್ಕದು, ಅದರ ಮೈ ಬೇಗ ಬೇಗ ಔಷಧಿ ಕರಗಿಸಿಬಿಡುತ್ತೆ. ಮನುಷ್ಯರಿಗೆ ಒಂದು ಕಿಲೋಗೆ ಅದರ ಆರನೇ ಒಂದು ಭಾಗ ಅಷ್ಟೇ ಲೆಕ್ಕ. ಅದೂ ಲೆಕ್ಕಕ್ಕೆ, ಕೊಡೋದಕ್ಕಲ್ಲ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಯಾಕೆ ಕೇಳಲಿಲ್ಲ? ಇಲಿ ಹಿಡಿಯಲು ಬಾರದ ಹುಡುಗಿಯನ್ನು ನಾನೇನು ಕೇಳುವುದು ಎಂದುಕೊಂಡಿದ್ದೆ. ಹಾಗೆಂದು ಅವಳ ಮುಂದೆ ಹೇಳಲು ಬಾಯಿ ಬರಲಿಲ್ಲ. ಅವಳ ಪಂಜರಗಳು ತೊಳೆದು ಕವುಚಿ ಇಟ್ಟಿದ್ದವು, ಆ ಇಲಿಗಳು ಒಂದೂ ಉಳಿದಿರಲಿಲ್ಲ. ಲಿವರನ್ನು ಕಣ್ಣಾರೆ ನೋಡಿದ್ದೇನೆ ಎಂದು ಹೆಮ್ಮೆ ಪಟ್ಟಿದ್ದೆನಲ್ಲ, ನೋಡಬೇಕಾದರೆ ಇಲಿ ಸಾಯಲೇಬೇಕು ಎನ್ನುವುದು ಆ ದಿನ ನನಗೆ ಬೇರೆ ಥರ ಹೊಳೆಯಿತು.

ಅತ್ತೆ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಮೊದಲ ಮೂರು ದಿನ ರಕ್ತಪರೀಕ್ಷೆಯ ಅಂಕಿ ಏರುತ್ತಲೇ ಹೋಯಿತು. ನಾಲ್ಕನೇ ದಿನ ನಿಂತಿತು. ಐದನೇ ದಿನ ಇಳಿಯಲು ಶುರುವಾಯಿತು ಎಂದು ಡಾಕ್ಟರ್ ಹೇಳಿದಾಗ ನಾನು ಅವರಿಗೆ ಕೈಮುಗಿದೆ. ಅಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ಅತ್ತೆಯನ್ನು ಕೇಳಿಯೇಬಿಟ್ಟೆ.

"ಅತ್ತೆ, ಹೊಟ್ಟೆ ತೊಳಸ್ತಾ ಇತ್ತಲ್ಲ, ಯಾಕೆ ಹೇಳ್ಲಿಲ್ಲ? ಬೇಡ ಅಂತ ಬಿಡಬಹುದಿತ್ತಲ್ಲ?"

"ಎರಡನೇ ವಾರದಿಂದ್ಲೇ ತೊಳಸ್ತಿತ್ತು" ಎಂದರು. "ಆ ಸಾರ ಗಂಟಲಲ್ಲಿ ಇಳೀತಿರಲಿಲ್ಲ."

"ಮತ್ಯಾಕೆ ಕುಡಿದ್ರಿ? ಅದೂ ತೊಳ್ಕೊಂಡು?"

ಅವರು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಈ ಮನೇಲಿ ನೀನು ಇಪ್ಪತ್ತಾರು ವರ್ಷ ಅಡಿಗೆ ಮಾಡೀಯ. ಎಲ್ಲಾ ನಿನ್ನ ಗಂಡನಿಗೆ ಏನು ಬೇಕೋ ಅದು. ಅವನಿಗೆ ಮಾಡಿದ್ದರಲ್ಲಿ ನಂಗೂ ಬಡಿಸಿದೆ, ತಪ್ಪು ಅನ್ನಲ್ಲ. ಆದ್ರೆ ಒಂದು ಭಾನುವಾರ ಪೂರ್ತಿ ಒಲೆ ಮುಂದೆ ನಿಂತು ನಂಗೇ ಅಂತ ಮಾಡಿದ್ದು ಅದೊಂದೇ. ಅದನ್ನ ಹೆಂಗೆ ಚೆಲ್ಲಲಿ?"

ಆ ಬಿಸಿನೀರಿನ ಬಕೆಟ್ಟಿನ ಮಾತು ಬಾಯಿಯ ತನಕ ಬಂತು, ಹೇಳಲಾಗಲಿಲ್ಲ. "ಗಂಜಿ ಆರುತ್ತೆ, ಕುಡೀರಿ" ಎಂದೆ. ಅಂದೇ ಸಂಜೆ ಗಂಡ ಬಂದಾಗ ಅತ್ತೆ ಮಗನನ್ನು ತರಾಟೆಗೆ ತೆಗೆದುಕೊಂಡರು. "ಕುಡಿದೋಳು ನಾನು, ಕುಡಿಸಿದೋಳು ಅವಳು. ನೀನ್ಯಾಕೆ ನಡುವೆ ಮುಖ ಊದಿಸ್ಕೊಂಡಿದೀಯ? ಅವಳು ಬಾಯಿ ಬಿಡದಿದ್ರೆ ನಾನು ಇವತ್ತು ಇರ್ತಿರಲಿಲ್ಲ." ಗಂಡ ಅಂದು ನನ್ನನ್ನು ಬೈಕಿನಲ್ಲಿ ಮನೆಗೆ ಕರೆದುಕೊಂಡು ಬಂದರು.

ಮುಂದಿನದು ನಿಧಾನದ ಕೆಲಸ. ಮೂರು ವಾರ ಕಾದು ಮಾತ್ರೆ ಮತ್ತೆ ಶುರುಮಾಡಿದರು, ಮೊದಲು ಒಂದು, ಕೆಲವು ದಿನ ಬಿಟ್ಟು ಇನ್ನೊಂದು. ಪ್ರತಿ ಮಾತ್ರೆಯ ಬೆನ್ನಿಗೆ ರಕ್ತಪರೀಕ್ಷೆ. ಅವುಗಳಲ್ಲಿ ಒಂದನ್ನು ಮಾತ್ರ ಈ ವಯಸ್ಸಿಗೆ ಬೇಡವೆಂದು ಬಿಟ್ಟೇಬಿಟ್ಟರು, ಅದರ ಬದಲಿಗೆ ಆರು ತಿಂಗಳು ಒಂಬತ್ತಾಯಿತು. ಉಳಿದವು ಒಗ್ಗಿದವು. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಅತ್ತೆ ಕಿಟಕಿಯ ಹತ್ತಿರ ಬಂದು ನಿಂತು, ಎರಡು ಬೆರಳಿನಿಂದ ಕಣ್ಣ ಕೆಳಗೆ ಎಳೆದು, "ನೋಡೇ, ಹಳದಿ ಐತಾ?" ಎನ್ನುವರು. "ಇಲ್ಲ ಅತ್ತೆ, ಬೆಳ್ಳಗಿದೆ." "ಸರಿಯಾಗಿ ನೋಡು, ಕನ್ನಡಕ ಹಾಕ್ಕೊಂಡು ನೋಡು." ಒಂಬತ್ತು ತಿಂಗಳು ನಾವಿಬ್ಬರೂ ದಿನಕ್ಕೊಂದು ಸಲ ಒಬ್ಬರ ಕಣ್ಣನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿಕೊಂಡೆವು. ಅದಕ್ಕೆ ಮುಂಚೆ ಇಪ್ಪತ್ತೈದು ವರ್ಷದಲ್ಲಿ ನೋಡಿಕೊಂಡಿರಲಿಲ್ಲ.

ನಮ್ಮ ಜಗಳ ನಿಂತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಲಿಗಳ ಮೇಲೆ ಅವರಿಗೆ ಇನ್ನೂ ಕನಿಕರ, ನನ್ನ ಕೆಲಸದ ಮೇಲೆ ಇನ್ನೂ ಕೋಪ. ಎರಡನೇ ತಿಂಗಳಿಗೆ ಬಕೆಟ್ ಸಂದಿಗೆ ವಾಪಸ್ ಬಂತು. ಹುಷಾರಿಲ್ಲದವರು ಭಾರ ಎತ್ತಬೇಡಿ ಎಂದರೆ, "ಅರ್ಧ ಬಕೆಟ್ಟೇ ಐತೆ, ಹೋಗಿ ಸ್ನಾನ ಮಾಡು" ಎಂದರು. ಆ ಕಪ್ಪು ಪುಡಿಯ ಡಬ್ಬಿಯನ್ನು ನಾನು ಕಸಕ್ಕೆ ಹಾಕಿದೆ. ಅತಿಯಾದರೆ ಅಮೃತವೂ ವಿಷ ಎನ್ನುವುದನ್ನು ಕಲಿಯಲು ನನಗೆ ಐವತ್ತು ವರ್ಷ ಬೇಕಾಯಿತು. ಆಮೇಲಿಂದ ದಿನಾ ಬೆಳಿಗ್ಗೆ ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ, ತಿಂಡಿಯ ಜೊತೆ, ಅವರಿಗೆಂದೇ ಸಕ್ಕರೆ ಕಡಿಮೆ ಹಾಕಿ ಬೇರೆ ಪಾತ್ರೆಯಲ್ಲಿ ಅರ್ಧ ಲೋಟ ಹಾಲಿನ ಚಹಾ ಮಾಡಿಕೊಡುತ್ತಿದ್ದೆ, ಡಾಕ್ಟರನ್ನು ಕೇಳಿಕೊಂಡೇ.

ಕಳೆದ ತಿಂಗಳು ಕೊನೆಯ ತಪಾಸಣೆಗೆ ಹೋದೆವು. ಅದೇ ಡಾಕ್ಟರು. ಕಫದಲ್ಲಿ ಏನೂ ಇಲ್ಲ, ಎಕ್ಸ್‌ರೇ ಚೆನ್ನಾಗಿದೆ, ಲಿವರ್ ಸರಿಯಾಗಿದೆ, ಮಾತ್ರೆ ನಿಲ್ಲಿಸಬಹುದು ಎಂದರು. ಬರೆದು ಮುಗಿಸುವ ಮುಂಚೆ ಪೆನ್ನು ಹಿಡಿದು, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು. "ಅಜ್ಜಿ, ಈ ನಡುವೆ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಂಡ್ರಾ?"

ಅತ್ತೆ ಗದ್ದದಿಂದಲೇ ನನ್ನ ಕಡೆ ತೋರಿಸಿದರು.

"ಅವಳನ್ನ ಕೇಳಿ ಡಾಕ್ಟ್ರಮ್ಮ. ನಾನಾದ್ರೆ ಸುಳ್ಳು ಹೇಳ್ತೀನಿ, ಅವಳು ಹೇಳಲ್ಲ."

ಡಾಕ್ಟರ್ ನನ್ನ ಕಡೆ ತಿರುಗಿದರು. ಒಂದೂ ಬಿಡದೆ ಹೇಳಿದೆ. ದಿನಕ್ಕೊಂದು ಸಲ ಅರ್ಧ ಲೋಟ ಹಾಲಿನ ಚಹಾ, ಆಮೇಲೆ ಲೋಟ ತೊಳೆದು ಕುಡಿದ ನೀರು.